ಹೇಳುವ ಟೇಪು, ಕತ್ತರಿಸುವ ಟೇಪು

2001ರ ಜೂನ್ ತಿಂಗಳ ಮೂರನೆಯ ವಾರ, ರಾಮದುರ್ಗ ಬಸ್ ನಿಲ್ದಾಣದ ಹತ್ತಿರದ ಒಂದು ಬಟ್ಟೆ ಅಂಗಡಿಯಲ್ಲಿ, ಸೊಂಟ 34 ಎಂದು ಚೀಟಿ ಹಚ್ಚಿದ್ದ ರೆಡಿಮೇಡ್ ಪ್ಯಾಂಟೊಂದು ನನ್ನ ತೊಡೆಯ ಅರ್ಧಕ್ಕೆ ಬಂದು ನಿಂತಿತು. ಬೆಳಗಿನ ಹತ್ತೂವರೆ. ನಾನು ವರದಿ ಮಾಡಬೇಕಿದ್ದ ಸಮಾರಂಭ ಹನ್ನೊಂದಕ್ಕೆ ಶುರುವಾಗುವುದಿತ್ತು. ಬಸ್ಸಿನ ಗಾಲಿ ಸಿಡಿಸಿದ ಕೆಸರಿನಿಂದ ನನ್ನ ಸ್ವಂತ ಪ್ಯಾಂಟು ಮೊಳಕಾಲಿನ ತನಕ ಕೆಟ್ಟಿತ್ತು. ಪರದೆಯ ಆಚೆಯಿಂದ ಅಂಗಡಿಯವರು ಕೇಳಿದರು, “ಆತೇನ್ರಿ ಸರ?” ಆಗಿರಲಿಲ್ಲ.

ಎಂಟು ವರ್ಷದ ಹಿಂದಿನ ಈ ಸಂಗತಿ ಈಗ ನೆನಪಾಗಲು ಕಾರಣ, ಹೋದ ವಾರ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಕೈಗೆ ಸಿಕ್ಕ ಒಂದು ಅಳತೆಯ ಟೇಪು. ಹಳದಿ ಬಣ್ಣದ್ದು. ತುದಿಯಲ್ಲಿ ಹಿತ್ತಾಳೆಯ ತಗಡು. ಮೊದಲ ನಾಲ್ಕಾರು ಅಂಕಿಗಳು ಬೆರಳಿನ ಜಿಡ್ಡಿಗೆ ಅಳಿಸಿಹೋಗಿವೆ. ಬೈಲಹೊಂಗಲದ ಬಜಾರಿನಲ್ಲಿ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ವಿಠ್ಠಲ ಮಾಮಾ ಈ ಟೇಪಿನ ಮೂಲ ಮಾಲೀಕರು. ಅವರು ನನ್ನ ಸೋದರಮಾವನಲ್ಲ. ಆ ಓಣಿಯಲ್ಲಿ ಎಲ್ಲರಿಗೂ ಅವರು ಮಾಮಾ.

ನಾನು 1991ರಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿ ಬೈಲಹೊಂಗಲಕ್ಕೆ ಬಂದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳೂ ನನ್ನ ಪಾಲಿಗೆ ಇದ್ದವು. ಪತ್ರಿಕೆಯಲ್ಲಿ ಮೊದಲು ಕಲಿಸಿದ್ದು ಒಂದೇ: ಅಂಕಿ ಬರೆಯುವ ಮುಂಚೆ ಎರಡು ಕಡೆ ವಿಚಾರಿಸು. ಮಳೆ ಎಷ್ಟು ಬಿತ್ತು, ಬಣವೆ ಎಷ್ಟು ಸುಟ್ಟವು, ಸಭೆಗೆ ಎಷ್ಟು ಮಂದಿ ಬಂದಿದ್ದರು, ಯಾವುದನ್ನೂ ಒಬ್ಬರ ಬಾಯಿಂದ ಕೇಳಿ ಬರೆದವನಲ್ಲ ನಾನು. ನನ್ನ ಸೊಂಟ ಎಷ್ಟು ಎಂಬುದನ್ನು ಮಾತ್ರ ಹತ್ತು ವರ್ಷ ಒಬ್ಬರನ್ನೇ ಕೇಳಿ ನಂಬಿದೆ.

ಸೊಂಟದ ವಿಷಯದಲ್ಲಿ ನಮ್ಮ ಮನೆತನದ ತಿಳಿವಳಿಕೆಯೇ ಬೇರೆ ಇತ್ತು. ನಾನು ಬೆಳೆದದ್ದು ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ. ಗಂಡುಹುಡುಗರ ಸೊಂಟಕ್ಕೆ ಕರಿ ನೂಲಿನ ಉಡದಾರ ಕಟ್ಟುವುದನ್ನು ನೀವೂ ಕಂಡಿರುತ್ತೀರಿ. ನಮ್ಮ ಅಜ್ಜಿ ಪ್ರತಿ ವರ್ಷ ನಾಗರ ಪಂಚಮಿಯ ಹೊತ್ತಿಗೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟುತ್ತಿದ್ದಳು. ಬಿಚ್ಚುವ ಮೊದಲು ಅದರೊಳಗೆ ಬೆರಳು ತೂರಿಸಿ ನೋಡುವಳು. ಬೆರಳು ಸಲೀಸಾಗಿ ಹೋದರೆ ಮುಖ ಸಣ್ಣದಾಗುತ್ತಿತ್ತು. ನನ್ನ ಉಡದಾರದೊಳಗೆ ನಾಲ್ಕು ಬೆರಳು ಹೋಗುತ್ತಿದ್ದವು. ಎತ್ತು ಹೊಡೆಯುವ ಸಪೂರ ಕೋಲಿನಂತಿದ್ದೆನೆಂದು ಓಣಿಯಲ್ಲಿ ನನಗೆ ಬಾರಕೋಲು ಎಂಬ ಹೆಸರಿತ್ತು. ಒಂದು ವರ್ಷ, ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಉಡದಾರ ಬಿಗಿಯಾಗಿ ಚರ್ಮದ ಮೇಲೆ ಕೆಂಪು ಗೆರೆ ಮೂಡಿತ್ತು. ಅಜ್ಜಿ ನನ್ನ ಅಂಗಿ ಎತ್ತಿ ಹಿಡಿದು ಎದುರು ಮನೆಯವರಿಗೆ ತೋರಿಸಿದಳು.

“ನೋಡವಾ, ನಮ್ಮ ಈರ್‍ಯಾ ಮೈ ಹಿಡದಾನ.”

ಎದುರು ಮನೆಯಾಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಂದು ಗೆರೆಯನ್ನು ಮುಟ್ಟಿ ನೋಡಿದಳು. ಅಂದು ಮನೆಯಲ್ಲಿ ನನಗೆ ಎರಡು ಶೇಂಗಾ ಉಂಡಿ ಹೆಚ್ಚಿಗೆ ಸಿಕ್ಕವು. ಸೊಂಟ ಬೆಳೆದರೆ ಅದು ಒಳ್ಳೆಯ ಸುದ್ದಿ ಎಂಬುದು ಆಗ ತಲೆಯಲ್ಲಿ ಕೂತದ್ದು, ಮೂವತ್ತೆಂಟನೆಯ ವಯಸ್ಸಿನ ತನಕ ಏಳಲಿಲ್ಲ.

ಅದೇ ಪಂಚಮಿಯ ಇನ್ನೊಂದು ನೆನಪೂ ಇದೆ. ಅಪ್ಪನಿಗೆ ಸಕ್ಕರೆ ಬೇನೆ ಇತ್ತು. ಗುಳಿಗೆಯ ತಗಡಿನ ಡಬ್ಬಿ ಕ್ಯಾಲೆಂಡರಿನ ಮೊಳೆಗೆ ಚೀಲದಲ್ಲಿ ತೂಗುತ್ತಿತ್ತು. ಪಂಚಮಿಯ ದಿನ ಅವ್ವ ಎಲ್ಲರ ತಾಟಿಗೂ ಉಂಡಿ ಹಾಕುವಳು, ಅಪ್ಪನ ತಾಟಿಗೂ ಒಂದು ಇಡುವಳು. ಖಾಲಿ ಬಿಡಬಾರದು ಎಂದು. ಅಪ್ಪ ಆ ಎಳ್ಳುಂಡಿಯನ್ನು ಎರಡು ಹೋಳು ಮಾಡಿ, ಮೂಗಿನ ಹತ್ತಿರ ಹಿಡಿದು, ಒಂದು ಹೋಳು ನನ್ನ ತಾಟಿಗೆ, ಒಂದು ತಂಗಿಯ ತಾಟಿಗೆ ಹಾಕಿ ರೊಟ್ಟಿ ಮುರಿಯುತ್ತಿದ್ದರು. ಹತ್ತೊಂಬತ್ತು ಪಂಚಮಿ ಹೀಗೆ ಕಳೆದರು.

ಇನ್ನು ನಾನು ದಪ್ಪಗಾದ ಬಗೆ. ಕಾರಣಗಳು ಎರಡು, ಎರಡೂ ವೃತ್ತಿಗೆ ಸಂಬಂಧಿಸಿದವು. ಮೊದಲನೆಯದು ಶಿರಾ. ನಮ್ಮ ಕಡೆ ಯಾವ ಕಾರ್ಯಕ್ರಮವೂ ಉಪ್ಪಿಟ್ಟು, ಶಿರಾ ಇಲ್ಲದೆ ಮುಗಿಯುವುದಿಲ್ಲ. ವರದಿಗಾರ ತಿನ್ನದೆ ಎದ್ದರೆ ಸುದ್ದಿ ಬರುವುದಿಲ್ಲ ಎಂದು ಸಂಘಟಕರು ಹೆದರುತ್ತಾರೆ. ಅವರ ಸಮಾಧಾನಕ್ಕಾಗಿ ತಿಂದೆ. 1998ರ ನನ್ನ ಡೈರಿಯಲ್ಲಿ ಅಂಥ ಕಾರ್ಯಕ್ರಮಗಳು ನೂರಾ ಹನ್ನೊಂದಿವೆ. ಎರಡನೆಯದು ಫ್ಯಾಕ್ಸು. ಅದಕ್ಕೆ ಮುಂಚೆ ಸುದ್ದಿ ಬರೆದು ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರರ ಕೈಗೆ ಕೊಡಬೇಕಿತ್ತು. ದಿನಕ್ಕೆ ಎರಡು ಸಲ, ಬಸ್ಸು ಬಿಡುವ ಹೊತ್ತಿಗೆ, ನಿಲ್ದಾಣದ ತನಕ ಓಡುತ್ತಿದ್ದೆ. ಆಮೇಲೆ ನಮ್ಮ ಕಚೇರಿಯ ಕೆಳಗಿನ ಮಳಿಗೆಯಲ್ಲೇ ಫ್ಯಾಕ್ಸಿನ ಅಂಗಡಿ ಬಂತು. ಓಡುವುದು ನಿಂತಿತು. ಶಿರಾ ನಿಲ್ಲಲಿಲ್ಲ.

2000ದ ಅಕ್ಟೋಬರಿನಲ್ಲಿ ಕಿತ್ತೂರಿನ ಉತ್ಸವಕ್ಕೆ ಹೋಗಿದ್ದೆ. ಕೋಟೆಯ ಹಾಳುಗೋಡೆಗಳ ನಡುವಿನ ಮೆಟ್ಟಿಲು ಹತ್ತಿ, ಅಲ್ಲಿ ನೆರಳಿಗೆ ನಿಂತಿದ್ದ ಡೊಳ್ಳಿನ ಮೇಳದ ಹಿರಿಯರೊಬ್ಬರನ್ನು ಮಾತನಾಡಿಸಬೇಕಿತ್ತು. “ನಿಮ್ಮ ಹೆಸರು” ಎಂಬ ಎರಡು ಶಬ್ದಕ್ಕೆ ಮೂರು ಸಲ ಉಸಿರು ತೆಗೆದುಕೊಂಡೆ. ಆ ಹಿರಿಯರು ಡೊಳ್ಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. “ಮೊದ್ಲ ಕುಂದ್ರಿ ಸಾಹೇಬ್ರ. ಹೆಸರ ಎಲ್ಲೂ ಓಡಿ ಹೋಗೂದಿಲ್ಲ,” ಅಂದರು. ಅವರ ವಯಸ್ಸು ಅರವತ್ತೆರಡು ಎಂದು ಆಮೇಲೆ ಬರೆದುಕೊಂಡೆ.

ಇದನ್ನು ಮನೆಯಲ್ಲಿ ನಗುತ್ತ ಹೇಳಿದೆ. ನನ್ನ ಹೆಂಡತಿ ಗಿರಿಜಾ ನಗಲಿಲ್ಲ. ಐದು ತಿಂಗಳು ಬೆನ್ನು ಹತ್ತಿ, 2001ರ ಮಾರ್ಚಿನಲ್ಲಿ ನನ್ನನ್ನು ಡಾಕ್ಟರರ ಹತ್ತಿರ ಕಳಿಸಿದಳು. ನಮ್ಮೂರಿನ ಈ ಡಾಕ್ಟರರು ಹೊಟ್ಟೆ ಬೆಳೆದ ಆಸಾಮಿ, ಮಾತು ಖಡಕ್ಕು. ರಕ್ತದ ಚೀಟಿ ನೋಡಿ ಕನ್ನಡಕ ತೆಗೆದರು.

“ನಿಮ್ಮ ಅಪ್ಪಾರಿಗೆ ಸಕ್ಕರಿ ಇತ್ತಲ್ಲ?”

“ಇತ್ರಿ.”

“ನೀವು ಹೊಸ್ತಿಲ ಮ್ಯಾಲ ನಿಂತೀರಿ. ಇನ್ನೂ ಒಳಗ ಬಂದಿಲ್ಲ. ಮೂರ ತಿಂಗಳ ಕೊಡ್ತೀನಿ. ದಿನಾ ನಡೀರಿ, ಸೊಂಟ ಎರಡ ಇಂಚ ಇಳಸ್ರಿ. ಇಳೀಲಿಲ್ಲಂದ್ರ ಗುಳಗಿ ಚಾಲೂ. ಒಮ್ಮೆ ಚಾಲೂ ಆತಂದ್ರ ಅದು ನಿಮ್ಮನ್ನ ಬಿಡೂದಿಲ್ಲ. ಈಗ ಸೊಂಟ ಎಷ್ಟೈತಿ?”

“ಮೂವತ್ತಾರ್ರಿ.”

ಡಾಕ್ಟರರು ನನ್ನ ಹೊಟ್ಟೆಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. “ಯಾರ್ ಹೇಳಿದ್ರು?”

“ವಿಠ್ಠಲ ಮಾಮಾ. ಹೋದ ತಿಂಗಳ ಅಳದಾರ್ರಿ.”

“ಹಂಗಾರ ಖರೆ ಇರಬೇಕು. ನಂದೂ ಅವ್ರ ಹೊಲೀತಾರ,” ಎಂದು ಫೈಲಿನಲ್ಲಿ 36 ಎಂದು ಬರೆದರು. ಫೈಲಿನ ಹಾಳೆಯ ಬಲಗಡೆ ಔಷಧಿಯ ಕಾಲಂ ಇತ್ತು. ಅದು ಖಾಲಿ ಇತ್ತು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ನನಗೆ ಕಾಣುತ್ತಿದ್ದದ್ದು ಕ್ಯಾಲೆಂಡರಿನ ಮೊಳೆ ಮತ್ತು ತಗಡಿನ ಡಬ್ಬಿ.

ಮರುದಿನ ಬೆಳಿಗ್ಗೆ ಐದೂವರೆಗೆ ಸವದತ್ತಿ ರಸ್ತೆ ಹಿಡಿದೆ. ಪ್ರತಿ ಸೋಮವಾರ ಮಾಮಾನ ಅಂಗಡಿಗೆ ಹೋಗಿ ಅಳತೆ ಕೊಡುವುದು ಎಂದು ಗೊತ್ತು ಮಾಡಿಕೊಂಡೆ. ಅವರು ಎದುರು ನಿಂತು, ಟೇಪನ್ನು ನನ್ನ ಬೆನ್ನ ಹಿಂದಿನಿಂದ ಬೀಸಿ ಮುಂದೆ ತಂದು, “ಉಸರ ಬಿಡ್ರಿ, ಹಿಡೀಬ್ಯಾಡ್ರಿ,” ಎಂದು ಹೇಳಿ ಅಂಕಿಯನ್ನು ಗಟ್ಟಿಯಾಗಿ ಓದುವರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಬರೆಯುವರು. ನನ್ನ ಅಂಕಿಯ ಮುಂದೆ ಅವರು ಒಂದು ಕೆಂಪು ಚುಕ್ಕಿ ಇಡುವುದನ್ನು ಎಷ್ಟೋ ವರ್ಷದಿಂದ ನೋಡಿದ್ದೆ. ಹಳೆಯ ಗಿರಾಕಿಗೆ ಮಾಡುವ ಗುರುತು ಎಂದು ತಿಳಿದು ಸಂತೋಷಪಟ್ಟಿದ್ದೆ.

ಮೊದಲ ಸೋಮವಾರ 36. ಎರಡನೆಯ ಸೋಮವಾರ 36. ಮೂರನೆಯದೂ 36.

ಕಾರಣ ನಡಿಗೆಯಲ್ಲೇ ಇತ್ತು. ನಮ್ಮ ಕಡೆ ಪರಿಚಯದವರು ಹೊತ್ತಲ್ಲದ ಹೊತ್ತಿನಲ್ಲಿ ರಸ್ತೆಯಲ್ಲಿ ಒಬ್ಬರೇ ನಡೆಯುತ್ತಿದ್ದರೆ ಗಾಡಿ ನಿಲ್ಲಿಸದೆ ಹೋಗುವುದು ಅಪಮಾನ. ವರದಿಗಾರನಿಗೆ ಪರಿಚಯವಿಲ್ಲದವರು ಆ ರಸ್ತೆಯಲ್ಲಿ ಇರಲಿಲ್ಲ. ಕ್ಯಾನು ಕಟ್ಟಿದ ಹಾಲಿನ ಬೈಕು ನಿಲ್ಲುತ್ತಿತ್ತು.

“ಯಾಕ್ರಿ ಈರಣ್ಣಾರ, ಗಾಡಿ ಕೆಟ್ಟೈತೇನು?”

“ಇಲ್ರಿ, ವಾಕಿಂಗ್ ಹೊಂಟೀನಿ.”

“ವಾಕಿಂಗ್ ನಾಳೆ ಮಾಡೀರಂತ. ಹತ್ರಿ, ಬಿಡ್ತೀನಿ.”

ಒಮ್ಮೆ ಬೇಡ ಎನ್ನಬಹುದು. ಎರಡನೆಯ ಸಲ ನಗುತ್ತ ಬೇಡ ಎನ್ನಬಹುದು. ಮೂರನೆಯ ಸಲವೂ ಬೇಡವೆಂದರೆ, “ನಮ್ಮ ಗಾಡಿ ಏನ್ ಮಾಡೇತ್ರಿ?” ಎಂಬ ಮಾತು ಬರುತ್ತದೆ. ಹತ್ತುತ್ತಿದ್ದೆ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬಂದದ್ದುಂಟು. ಬಿಟ್ಟವರನ್ನು ಬಾಗಿಲಿನಿಂದಲೇ ಕಳಿಸುವುದು ಸರಿಯಲ್ಲ, ಒಳಗೆ ಕರೆದು ಚಹಾ. ಅವರೊಬ್ಬರೇ ಕುಡಿಯುವುದೂ ಸರಿಯಲ್ಲ, ನಾನೂ ಕುಡಿಯುತ್ತಿದ್ದೆ. ಚಹಾದ ಜೊತೆ ಚಕ್ಕಲಿ. ಗಿರಿಜಾ ಒಂದು ದಿನ ಲೋಟ ತೊಳೆಯುತ್ತ ಹೇಳಿದಳು, “ನೀವು ವಾಕಿಂಗ್ ಹತ್ತಿದ ಮ್ಯಾಲ ನಮ್ಮನಿ ಸಕ್ಕರಿ ಎರಡ ಕಿಲೋ ಹೆಚ್ಚ ಹೋಗೇತಿ. ಮಲಕೊಂಡ್ರ ಛಲೋ ಇತ್ತು.”

ನಾಲ್ಕನೆಯ ಸೋಮವಾರವೂ ಮಾಮಾ ಟೇಪು ಸುತ್ತಿ, ಅಂಕಿ ಓದದೆ ಕಿವಿಯ ಮೇಲಿನ ಪೆನ್ಸಿಲಿಗೆ ಕೈ ಹಾಕಿದರು. ನನಗೆ ತಿಳಿಯಿತು.

“ಬಿಡ್ರಿ ಮಾಮಾ,” ಅಂದೆ. “ಮುಂದಿನ ವಾರ ಬರೂದಿಲ್ಲ. ಅಪ್ಪ ನುಂಗಿದ್ರು, ನಾನೂ ನುಂಗ್ತೀನಿ. ಅದೇನ್ ದೊಡ್ಡ ಮಾತು.”

ಮಾಮಾ ನನ್ನ ಮುಖ ನೋಡಿದರು. “ನೆಟ್ಟಗ ನಿಂದರ್ರಿ. ಅಂಗಿ ಮಡಚಿ ಬಂದಿತ್ತು,” ಎಂದು ಮತ್ತೆ ಟೇಪು ಸುತ್ತಿದರು. “ಮೂವತ್ತೈದೂವರಿ,” ಎಂದು ಓದಿದರು.

“ಖರೇನ?”

“ನಾ ಯಾಕ ಸುಳ್ಳ ಹೇಳ್ಲಿ? ನೀವ ನೋಡ್ರಿ.”

ನೋಡಿದೆ. ಹಿತ್ತಾಳೆಯ ತುದಿ ಮೂವತ್ತೈದೂವರೆಯ ಗೆರೆಯ ಮೇಲಿತ್ತು. ಅರ್ಧ ಇಂಚು. ಅಂಗಡಿಯ ಮೆಟ್ಟಿಲನ್ನು ಒಂದೇ ಜಿಗಿತಕ್ಕೆ ಇಳಿದೆ ಎಂದು ಮಾಮಾ ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

ಮನೆಗೆ ಬಂದು ಹೇಳಿದಾಗ ಗಿರಿಜಾ ಹಿಟ್ಟಿನ ಕೈ ಒರೆಸಿಕೊಂಡಳು. “ಮಂದಿ ಗಾಡ್ಯಾಗ ಕುಂತು ಅರ್ಧ ಇಂಚ ಇಳದೀರಂದ್ರ, ನಡದ್ರ ಎಷ್ಟ ಇಳೀತೀರಿ! ನಾಳಿಯಿಂದ ಹರಕಿ ಐತಿ ಅನ್ರಿ. ಹರಕಿ ಇದ್ದಾವ್ರನ್ನ ಯಾರೂ ಗಾಡಿ ಹತ್ತಸೂದಿಲ್ಲ.”

“ಸುಳ್ಳ ಹೇಳ್ಲೇನು?”

“ಸುಳ್ಳ ಯಾಕ? ಈಗ ಹೊರ್ರಿ. ಗುಳಗಿ ಬರಲಿಲ್ಲಂದ್ರ ಯಲ್ಲಮ್ಮನ ಗುಡ್ಡಕ್ಕ ನಡಕೊಂತ ಬರ್ತೀನಿ ಅಂತ ಕೈ ಮುಗೀರಿ. ಆತಲ್ಲ, ಖರೆ ಆತು.”

ದೇವರ ಜಗುಲಿಯ ಮುಂದೆ ನಿಂತು ಕೈ ಮುಗಿದೆ. ಮರುದಿನ ಹಾಲಿನ ಬೈಕಿನವರು ನಿಲ್ಲಿಸಿದಾಗ, “ಹರಕಿ ಐತ್ರಿ, ನಡೀಬೇಕು,” ಅಂದೆ. ಅವರು ಕೂತಲ್ಲೇ ಕೈ ಮುಗಿದು ಹೋದರು. ಎರಡು ದಿನದಲ್ಲಿ ಸುದ್ದಿ ರಸ್ತೆಯುದ್ದಕ್ಕೂ ಮುಟ್ಟಿತು. ನನ್ನ ಪತ್ರಿಕೆಗೆ ಅಷ್ಟು ವೇಗ ಎಂದೂ ಇರಲಿಲ್ಲ. ಯಾವ ಹರಕೆ ಎಂದು ಯಾರೂ ನನ್ನನ್ನು ಕೇಳಲಿಲ್ಲ; ತಮ್ಮತಮ್ಮಲ್ಲೇ ಗೊತ್ತು ಮಾಡಿಕೊಂಡರು. ನಮಗಿರುವುದು ಇಬ್ಬರು ಹೆಣ್ಣುಮಕ್ಕಳು. ಬುತ್ತಿ ಹೊತ್ತು ಹೊಲಕ್ಕೆ ಹೊರಟ ಅಜ್ಜಿಯೊಬ್ಬಳು ದಾರಿಯಲ್ಲಿ ನಿಂತು, “ಆಗ್ತೈತೆಪಾ, ಗಂಡ ಆಗ್ತೈತಿ,” ಎಂದು ಹರಸಿ ಹೋದಳು. ಟ್ರ್ಯಾಕ್ಟರಿನವನೊಬ್ಬ ನನ್ನ ಪಕ್ಕ ಬಂದಾಗ ಹಾಡು ಬಂದ್ ಮಾಡಿ, ಮುಂದೆ ಹೋಗಿ ಮತ್ತೆ ಹಚ್ಚುತ್ತಿದ್ದ.

ಒಬ್ಬನೇ ನಡೆಯುವುದು ಮೊದಲ ವಾರ ಬೇಸರ ತಂದಿತು. ಆಮೇಲೆ ರಸ್ತೆಯ ವರದಿ ಮಾಡತೊಡಗಿದೆ. ಎರಡನೆಯ ಕಿಲೋಮೀಟರ್ ಕಲ್ಲಿನ ಹತ್ತಿರದ ಬೇವಿನ ಮರ ಯಾವ ದಿನ ಹೂ ಬಿಟ್ಟಿತು, ಯಾರ ಹೊಲದಲ್ಲಿ ಕುಂಟೆ ಹೊಡೆದರು, ಮೊದಲ ಮಳೆಗೆ ಎರೆಮಣ್ಣು ಎಷ್ಟು ಹೊತ್ತು ವಾಸನೆ ಬಿಟ್ಟಿತು. ಪತ್ರಿಕೆಗೆ ಬೇಡದ ಸುದ್ದಿ. ಮನೆಗೆ ಬಂದು ಡೈರಿಯಲ್ಲಿ ಬರೆಯುತ್ತಿದ್ದೆ. ಒಂದು ದಿನ ತಪ್ಪಿದರೆ ಸುದ್ದಿ ಕೈತಪ್ಪಿದಂತೆ ಅನಿಸುತ್ತಿತ್ತು. ಸೋಮವಾರದ ಅಂಕಿಗಳು ಹೀಗಿದ್ದವು: 35½, 35½, 35, 35, 34½, 34½. ಜೂನ್ ಎರಡನೆಯ ಸೋಮವಾರ 34. ಮಾಮಾ ಪಕ್ಕದ ಅಂಗಡಿಯವರಿಗೂ ಕೇಳುವಂತೆ ಓದಿದರು. ಡಾಕ್ಟರರು ಕೇಳಿದ್ದು ಎರಡಿಂಚು, ಎರಡೂ ಇಳಿದಿದ್ದವು. ಮರುಪರೀಕ್ಷೆಗೆ ಮೂರು ವಾರ ಇತ್ತು.

ರಾಮದುರ್ಗದ ಬಟ್ಟೆ ಅಂಗಡಿಯಲ್ಲಿ ನಾನು 34ರ ಪ್ಯಾಂಟೇ ಬೇಕೆಂದು ಕೇಳಿದ್ದು ಈ ಹುರುಪಿನಿಂದ. ಅದು ತೊಡೆಯಲ್ಲಿ ನಿಂತಿತು. 36 ತಂದರು, ಗುಂಡಿ ಮುಟ್ಟಲಿಲ್ಲ. 38 ತಂದರು, ಬೆಲ್ಟು ಬಿಗಿದರೆ ನಿಂತಿತು.

“ನಿಮ್ಮ ಕಂಪನಿ ಅಳತಿ ಸಣ್ಣದೈತಿ,” ಅಂದೆ.

ಅಂಗಡಿಯವರು ಕೊರಳಿನ ಟೇಪು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು. “ಮೂವತ್ತೇಳ ಅದೀರಿ ಸರ. ಕಂಪನಿದೇನು ತಪ್ಪಿಲ್ಲ.”

ಅಂದಿನ ಸಮಾರಂಭದಲ್ಲಿ ಯಾರು ಏನು ಮಾತನಾಡಿದರು ಎಂಬುದನ್ನು ಬರೆದುಕೊಂಡೆ, ಕೇಳಲಿಲ್ಲ. ಶಿರಾದ ತಾಟು ಕೊಟ್ಟರು. ಮೂರು ತಿಂಗಳಲ್ಲಿ ಮೊದಲ ಸಲ ಪೂರ್ತಿ ತಿಂದೆ. 36 ಇದ್ದವನು ಇಷ್ಟು ದಿನ ನಡೆದು 37 ಆಗಿದ್ದೆ.

ಸಂಜೆ ಬಸ್ಸಿಳಿದು ನೆಟ್ಟಗೆ ಮಾಮಾನ ಅಂಗಡಿಗೆ ಹೋದೆ. ನಿಂತಲ್ಲೇ ಕೇಳಿದೆ, “ಮಾಮಾ, ನಾ ಹಾಕ್ಕೊಂಡಿದ್ದು ಮೂವತ್ತೆಂಟರ ಪ್ಯಾಂಟ. ಬೆಲ್ಟ ಹಚ್ಚಿದ್ರ ಸರಿ ಬಂದೈತಿ. ಮೂವತ್ನಾಕು ಅಂದಾವ್ರು ಯಾರು?”

ಮಾಮಾ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು. ಸ್ಟೂಲು ಸರಿಸಿದರು. “ಕುಂದ್ರಿ. ಚಾ ತರಸ್ಲಿ?”

“ಮೊದ್ಲ ಹೇಳ್ರಿ.”

ಮೊಳೆಗೆ ಹಾಕಿದ್ದ ಹಳದಿ ಟೇಪನ್ನು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ ನನ್ನ ಮುಂದೆ ಹಿಡಿದರು. ಹದಿನೇಳು ಹದಿನೆಂಟರ ನಡುವೆ ಅದೇ ಬಣ್ಣದ ಬಟ್ಟೆಯ ಒಂದು ತೇಪೆ. ಎರಡೂ ಕಡೆ ಸಣ್ಣ ಹೊಲಿಗೆ, ಕೈಬೆರಳಿಗೆ ಹತ್ತದಷ್ಟು ನಯ. ತೇಪೆಯ ಮೇಲೆ ಅಂಕಿ ಇರಲಿಲ್ಲ. ಒಂದು ಇಂಚು ಇರಬೇಕಾದಲ್ಲಿ ಅದರ ಉದ್ದ ನಾಲ್ಕು ಇಂಚು.

“ಇದು ಹೇಳೂ ಟೇಪ,” ಅಂದರು. ಕೊರಳಿನಲ್ಲಿದ್ದ ಇನ್ನೊಂದನ್ನು ಮುಟ್ಟಿ, “ಇದು ಕತ್ತರಸೂ ಟೇಪ.”

ನಡೆದದ್ದು ಇಷ್ಟು. 1995ರಲ್ಲಿ ಇದ್ದಿಲಿನ ಇಸ್ತ್ರಿಯ ಕೆಳಗೆ ಸಿಕ್ಕು ಈ ಟೇಪು ನಡುವೆ ಸುಟ್ಟಿತು. ಸುಟ್ಟದ್ದನ್ನು ಕತ್ತರಿಸಿ, ಬಟ್ಟೆಯ ಪಟ್ಟಿ ಹೊಲಿದರು. ಗಡಿಬಿಡಿಯಲ್ಲಿ ಪಟ್ಟಿ ಬೇಕಾದದ್ದಕ್ಕಿಂತ ಉದ್ದವಾಯಿತು. ಅದು ಗೊತ್ತಾಗುವ ಮೊದಲೇ ಒಬ್ಬ ಗಿರಾಕಿ ಬಂದ, ಅಳೆದರು, 33 ಎಂದು ಓದಿದರು. ಟೇಪಿನ ನಡುಭಾಗ ಬೆನ್ನ ಹಿಂದೆ ಇರುತ್ತದೆ. ಅಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ?

“ಆ ಗಿರಾಕಿ ಬರೂವಾಗ ಮಾರಿ ಸಪ್ಪಗ ಮಾಡ್ಕೊಂಡಿದ್ದ. ಮೂವತ್ಮೂರು ಅಂದಕೂಡ್ಲೆ ನಕ್ಕ. ನನಗೂ ಚಾ ತರಿಸಿದ. ಹೋಗೂವಾಗ ಹಾಡ ಗುಣಗುಣಸ್ತಿದ್ದ,” ಎಂದು ನಿಲ್ಲಿಸಿ, “ಅವ ನೀವ ಈರಣ್ಣಾರ,” ಅಂದರು.

ಆಮೇಲೆ ಅವರು ಟೇಪನ್ನು ಸರಿ ಮಾಡಲಿಲ್ಲ. ಮೈ ಬಂದು ಮುಖ ಸಪ್ಪಗಾದವರಿಗೆಂದು ಬೇರೆ ಇಟ್ಟರು. ಪುಸ್ತಕದಲ್ಲಿ ಆ ಅಂಕಿಯ ಮುಂದೆ ಕೆಂಪು ಚುಕ್ಕಿ. ಕತ್ತರಿಸುವಾಗ ಚುಕ್ಕಿ ಕಂಡರೆ ಮೂರು ಇಂಚು ಕೂಡಿಸಬೇಕು.

“ಇಂಥಾವ್ರು ಎಷ್ಟ ಮಂದಿ ಅದೀವಿ?”

“ಎಂಟ ಮಂದಿ.”

“ಯಾರ್‍ಯಾರು?”

“ಅದನ್ನ ಹೇಳಂಗಿಲ್ಲ. ನೀವು ಪೇಪರಿನಾವ್ರು.”

ಅಧಿಕಾರಿಗಳ ಮೇಜಿನ ಮೇಲಿನ ಕಾಗದವನ್ನು ಎದುರಿನ ಕುರ್ಚಿಯಿಂದ ತಲೆಕೆಳಗಾಗಿ ಓದುವುದು ನಮ್ಮ ಕಸುಬಿನಲ್ಲಿ ಮೊದಲ ವರ್ಷವೇ ಬರುತ್ತದೆ. ಮಾಮಾನ ಪುಸ್ತಕ ತೆರೆದಿತ್ತು. ಮೂರನೆಯ ಸಾಲು: ಡಾಕ್ಟರ್ ಸಾಹೇಬರು, 35, ಮುಂದೆ ಕೆಂಪು ಚುಕ್ಕಿ.

ನಾನು ಎದ್ದೆ. “ಮೂರ ತಿಂಗಳ ನನಗ ಸುಳ್ಳ ಹೇಳಿ ನಡಸೀರಿ ಮಾಮಾ. ಸೋಮಾರ ಅಲ್ಲ, ಅದರ ಮುಂದಿನ ಸೋಮಾರ ರಕ್ತ ಕೊಡೂದೈತಿ. ಏನಂತ ಹೋಗ್ಲಿ?”

ಮಾಮಾ ಸಿಟ್ಟಾಗಲಿಲ್ಲ. “ನೀವು ಎಷ್ಟ ಅದೀರಿ ಅನ್ನೂದ್ರಾಗ ಸುಳ್ಳ ಹೇಳೇನಿ. ಎಷ್ಟ ಇಳದೀರಿ ಅನ್ನೂದ್ರಾಗ ಹೇಳಿಲ್ಲ. ಮಾರ್ಚ್‌ದಾಗ ಮೂವತ್ತೊಂಬತ್ತಿದ್ರಿ, ಈಗ ಮೂವತ್ತೇಳ ಅದೀರಿ. ತ್ಯಾಪಿ ನುಂಗೂದು ಆವಾಗೂ ಮೂರಿಂಚ, ಈಗೂ ಮೂರಿಂಚ.” ಹಳದಿ ಟೇಪನ್ನು ಮೊಳೆಗೆ ಹಾಕಿ ಸೇರಿಸಿದರು, “ಅರ್ಧ ಇಂಚ ಬಿಟ್ಟು. ಆ ನಾಕನೇ ಸೋಮಾರ ಏನೂ ಇಳದಿದ್ದಿಲ್ಲ. ನಾ ಜಗ್ಗಿ ಹಿಡದೆ.”

ಆ ಲೆಕ್ಕವನ್ನು ಮನೆಯ ದಾರಿಯಲ್ಲಿ ಎರಡು ಸಲ ಮಾಡಿದೆ. ಸರಿ ಇತ್ತು. ಆದರೂ ಮರುದಿನ ಐದಕ್ಕೆ ಎಚ್ಚರವಾದಾಗ ಏಳಲಿಲ್ಲ. ಗಿರಿಜಾ ದೀಪ ಹಚ್ಚಿ ಬಂದು ಕಾಲ ಬಳಿ ನಿಂತಳು. “ಹರಕಿ ಹೊತ್ತಿದ್ದು ಯಲ್ಲಮ್ಮಗೋ, ಮಾಮಾನ ಟೇಪಿಗೋ?” ಎಂದು ಕೇಳಿ ಚಪ್ಪಲಿ ತಂದಿಟ್ಟಳು. ಅಂದು ಎರಡನೆಯ ಕಲ್ಲು ದಾಟಿ ಮೂರನೆಯದರ ತನಕ ಹೋದೆ.

ಜುಲೈ ಮೊದಲ ವಾರ ಡಾಕ್ಟರರು ಹೊಸ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. “ಹೊಸ್ತಿಲ ಇಳದ ಹೊರಗ ಹೋಗೀರಿ. ಗುಳಗಿ ಬ್ಯಾಡ,” ಅಂದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಐದು ಕಿಲೋ ಇಳಿದಿತ್ತು. ಪೆನ್ನು ತೆಗೆದರು. “ಸೊಂಟ?”

“ಮೂವತ್ತೇಳ್ರಿ.”

ಪೆನ್ನು ನಿಂತಿತು. ಹಿಂದಿನ ಸಾಲು ನೋಡಿದರು. “ಮಾರ್ಚ್‌ದಾಗ ಮೂವತ್ತಾರ ಬರಸೀರಿ. ಸಕ್ಕರಿ ಇಳದೈತಿ, ತೂಕ ಇಳದೈತಿ, ಸೊಂಟ ಹೆಂಗ ಏರ್ತೈತ್ರಿ?”

“ಈ ಸಲ ಬ್ಯಾರೆ ಟೇಪ್ರಿ.”

“ಟೇಪ ಬ್ಯಾರೆ ಆದ್ರ ಸೊಂಟ ಬ್ಯಾರೆ ಆಗ್ತದೇನು? ನಂದ ನೋಡ್ರಿ. ಐದ ವರ್ಷ ಆತು, ಮೂವತ್ತೈದಂದ್ರ ಮೂವತ್ತೈದ.” ಡಾಕ್ಟರರು ಎರಡೂ ಅಂಗೈಯಿಂದ ಹೊಟ್ಟೆ ತಟ್ಟಿಕೊಂಡರು.

ನಾನು ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಪಟ್ಟಿಯನ್ನು ಓದಿದೆ. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಿದರೆ ಮಾಮಾನ ಎಂಟು ಮಂದಿಯಲ್ಲಿ ಒಬ್ಬರು ಕಡಿಮೆಯಾಗುತ್ತಿದ್ದರು. ಡಾಕ್ಟರರು 36ರ ಕೆಳಗೆ 37 ಎಂದು ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ತಪ್ಪೆಂದು ಗೊತ್ತಿದ್ದೂ ನಾನು ತಿದ್ದಿಸದೆ ಬಿಟ್ಟ ಅಂಕಿ ಮೇಲಿನ ಸಾಲಿನ ಆ 36 ಒಂದೇ.

ಆ ವರ್ಷ ಪಂಚಮಿಗೆ ಗಿರಿಜಾ ನನ್ನ ತಾಟಿಗೆ ಎಳ್ಳುಂಡಿ ಹಾಕಿದಳು. ಪೂರ್ತಿ ತಿಂದೆ. ಒಂದೇ ತಿಂದೆ. ದೀಪಾವಳಿ ಆದ ಮೇಲೆ ಹರಕೆ ತೀರಿಸಿದೆವು. ನಾನು ಎರಡು ದಿನ ನಡೆದು ಗುಡ್ಡ ಮುಟ್ಟಿದೆ. ಗಿರಿಜಾ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು, ನನಗಿಂತ ಮೊದಲೇ ಪಾಳಿ ಹಿಡಿದು ನಿಂತಿದ್ದಳು. ನಮಗೆ ಗಂಡು ಮಗು ಆಗಲಿಲ್ಲ. ಬುತ್ತಿಯ ಅಜ್ಜಿ ಬಹಳ ದಿನ ನನ್ನನ್ನು ಕರುಣೆಯಿಂದ ನೋಡುತ್ತಿದ್ದಳು.

ಮೈ ಒಮ್ಮೆ ಇಳಿದರೆ ಇಳಿದೇ ಇರುತ್ತದೆ ಎಂದು ಯಾರೂ ತಿಳಿಯಬೇಡಿ. 2004ರ ಚುನಾವಣೆಯಲ್ಲಿ ಎರಡು ತಿಂಗಳು ನಡಿಗೆ ತಪ್ಪಿ ಒಂದೂವರೆ ಇಂಚು ಏರಿತು. ಇಳಿಸಲು ಆರು ತಿಂಗಳು ಹಿಡಿಯಿತು. ಸಿರಸಂಗಿಯಲ್ಲಿರುವ ತಂಗಿಯ ಮನೆಗೆ ಹೋಗಿ ಬಂದರೆ ಈಗಲೂ ಅರ್ಧ ಇಂಚು; ಅವಳು ಗೋಧಿ ಬೆಲ್ಲದ ಮಾದಲಿಯ ಮೇಲೆ ತುಪ್ಪ ಸುರಿಯುವಾಗ ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಾಳೆ. ಸೋಮವಾರ ಮಾತ್ರ ತಪ್ಪಿಸಲಿಲ್ಲ. ಮಾಮಾ ನನಗೆ ಕತ್ತರಿಸುವ ಟೇಪನ್ನೇ ಹಿಡಿಯುತ್ತಿದ್ದರು. ಕೆಲವು ಸೋಮವಾರ ನಾನೇ, “ಇವತ್ತ ಆ ಟೇಪ ಹಿಡೀರಿ ಮಾಮಾ, ಮನಸ್ಸ ಸರಿ ಇಲ್ಲ,” ಎಂದದ್ದೂ ಉಂಟು. ಹಿಡಿಯುತ್ತಿದ್ದರು. ಇಬ್ಬರೂ ನಗದೆ ಅಂಕಿ ಕೇಳಿಕೊಳ್ಳುತ್ತಿದ್ದೆವು.

2009ರ ಜನವರಿಯಲ್ಲಿ ಮಾಮಾ ಯಂತ್ರಕ್ಕೆ ಹೊದಿಕೆ ಹಾಕಿದರು. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು. ರೆಡಿಮೇಡು ಬಂದು ಹೊಲಿಸುವವರೂ ಕಡಿಮೆಯಾಗಿದ್ದರು. ಕೊನೆಯ ಸಲ ನನ್ನ ಸೊಂಟ ಅಳೆದರು. 35. ಪುಸ್ತಕದಲ್ಲಿ ಬರೆದರು, ಚುಕ್ಕಿ ಇಡಲಿಲ್ಲ. ಮೊಳೆಯಿಂದ ಹಳದಿ ಟೇಪು ತೆಗೆದು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. “ಇದರ ಬೆನ್ನ ನೋಡಿದಾವ್ರು ನೀವ ಒಬ್ರು. ನೀವ ಇಟ್ಕೋರಿ.”

ಮಾರ್ಚಿನಲ್ಲಿ ಡಾಕ್ಟರರು ತಮ್ಮ ಅಣ್ಣನ ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿ ರೆಡಿಮೇಡ್ ಪ್ಯಾಂಟು ಕೊಂಡರು, 35 ಅಲ್ಲ, 38ರದ್ದು. ಮದುವೆಯ ಮರುವಾರ, ಬೆಳಿಗ್ಗೆ ಆರಕ್ಕೆ, ಸವದತ್ತಿ ರಸ್ತೆಯ ಎರಡನೆಯ ಕಲ್ಲಿನ ಹತ್ತಿರ ಎದುರಿಗೆ ಬಂದರು. ಹೊಸ ಬಿಳಿ ಬೂಟು ಹಾಕಿದ್ದರು, ಏದುಸಿರು ಬಿಡುತ್ತಿದ್ದರು. ನಾನು ನಿಂತೆ. ಅವರೂ ನಿಂತರು. ಅಷ್ಟರಲ್ಲಿ ಹಾಲಿನ ಬೈಕೊಂದು ಬಂದು, “ಯಾಕ್ರಿ ಡಾಕ್ಟರ, ಕಾರ ಕೆಟ್ಟೈತೇನು? ಹತ್ರಿ, ಬಿಡ್ತೀನಿ,” ಎಂದಿತು. ಡಾಕ್ಟರರು ನನ್ನ ಮುಖ ನೋಡಿದರು.

“ಹರಕಿ ಐತಿ ಅನ್ರಿ,” ಎಂದು ಮೆಲ್ಲಗೆ ಹೇಳಿದೆ.

ಹೋದ ವಾರ, ಟೇಪು ಸಿಕ್ಕ ಮರುದಿನ, ವರ್ಷದ ಪರೀಕ್ಷೆಗೆ ಹೋಗಿದ್ದೆ. ಡಾಕ್ಟರರು ನನ್ನ ಫೈಲು ತೆರೆದು ಮೇಜಿನ ಮೇಲಿಟ್ಟು ಕೈ ತೊಳೆಯಲು ಎದ್ದರು. ತಲೆಕೆಳಗಾಗಿ ಓದಿದೆ. 2001ರ ಮಾರ್ಚಿನ ಸಾಲಿನಲ್ಲಿ 36ರ ಮೇಲೆ ಗೀಟು ಎಳೆದು 39 ಎಂದು ಬರೆದಿದೆ. ಪಕ್ಕದಲ್ಲಿ ಅವರ ಸಹಿ, ಈ ವರ್ಷದ ತಾರೀಖು. ಜುಲೈ ಸಾಲಿನ ಪ್ರಶ್ನೆ ಚಿಹ್ನೆ ಅಳಿಸಿದೆ. ಔಷಧಿಯ ಕಾಲಂ ಖಾಲಿ ಇದೆ.